ಮಧ್ಯಾಹ್ನ ಮೂರಕ್ಕೆ ಶುರುವಾಗುವ ರಾತ್ರಿ ಪ್ರಯಾಣ

ಶಿವಮೊಗ್ಗದಿಂದ ಮಹಾರಾಷ್ಟ್ರದ ಹರಿಶ್ಚಂದ್ರಗಡ ಕೋಟೆಯ ಬುಡದಲ್ಲಿರುವ ಖಿರೇಶ್ವರಕ್ಕೆ ಹೆಚ್ಚುಕಡಿಮೆ 800 ಕಿಲೋಮೀಟರ್. ಹೊನ್ನಾಳಿ, ಹರಿಹರ ದಾಟಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ. ಅಲ್ಲಿಂದ ನಾಸಿಕ್ ರಸ್ತೆಯಲ್ಲಿ ಆಳೆಫಾಟಾ, ಆಮೇಲೆ ಎಡಕ್ಕೆ. ಸಹ್ಯಾದ್ರಿಯ ಉತ್ತರದ ಕೋಟೆಗಳನ್ನು ಹತ್ತಬೇಕೆಂದು ನಮ್ಮ ಕಡೆಯಿಂದ ಹೊರಡುವ ಚಾರಣ ತಂಡಗಳ ಲೆಕ್ಕ ಸಾಮಾನ್ಯವಾಗಿ ಒಂದೇ: ಶುಕ್ರವಾರ ಕೆಲಸ ಮುಗಿಸಿ, ಮನೆಯಲ್ಲಿ ಊಟ ಮಾಡಿ, ರಾತ್ರಿ ಒಂಬತ್ತಕ್ಕೆ ಗಾಡಿ ಹತ್ತುವುದು, ಬೆಳಗಾಗುವಷ್ಟರಲ್ಲಿ ಪುಣೆ ಮುಟ್ಟುವುದು. ಕಿಲೋಮೀಟರ್ ಲೆಕ್ಕ ಕೂಡುತ್ತದೆ. ನಿದ್ದೆಯ ಲೆಕ್ಕ ಕೂಡುವುದಿಲ್ಲ.

ಬೆಳಿಗ್ಗೆ ಆರಕ್ಕೆ ಎದ್ದವನು ರಾತ್ರಿ ಒಂಬತ್ತಕ್ಕೆ ಸ್ಟಿಯರಿಂಗ್ ಹಿಡಿದರೆ ಹನ್ನೊಂದಕ್ಕೆ, ಅಂದರೆ ಹಾವೇರಿ ಮುಟ್ಟುವ ಹೊತ್ತಿಗೆ, ಅವನು ಎದ್ದು 17 ಗಂಟೆ ಆಗಿರುತ್ತದೆ. ಹಾಗೆ 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಒಂದು ತೊಟ್ಟೂ ಕುಡಿಯದೆ ಹಾವೇರಿಯಲ್ಲೇ ಮಿತಿ ದಾಟಿದ ಹಾಗಾಯಿತು. ಇನ್ನೂ ಬೆಳಗಾವಿ ಬಂದಿಲ್ಲ, ಮೈ ತಾನಾಗಿ ನಿದ್ದೆಗೆ ಎಳೆಯುವ ಎರಡರಿಂದ ಐದು ಗಂಟೆಯ ಹೊತ್ತೂ ಬಂದಿಲ್ಲ.

ಅದಕ್ಕೇ ನಾವು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಮೂರಕ್ಕೆ ಹೊರಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಏಳಕ್ಕೆ ಎದ್ದವರಿಗೆ ಸರಿಯಾಗಿ ಮಧ್ಯರಾತ್ರಿ 17 ಗಂಟೆ ತುಂಬುತ್ತದೆ. ಆ ಹೊತ್ತಿಗೆ ಗಾಡಿ ಕೊಲ್ಹಾಪುರದಲ್ಲಿ ನಿಂತಿರಬೇಕು, ಎಲ್ಲರೂ ಮಲಗಿರಬೇಕು. ಗಾಡಿಯ ತಯಾರಿ, ಸಾಮಾನು, ಊಟ, ಕೂರುವ ಜಾಗ ಎಲ್ಲವೂ ಈ ನಿದ್ದೆಯ ಲೆಕ್ಕದಿಂದಲೇ ಹುಟ್ಟುತ್ತವೆ.

ಮೊದಲು ಗಾಡಿ. ಮಲೆನಾಡಿನಲ್ಲಿ ಓಡುವ ಗಾಡಿಗೆ ಒಂದು ವಿಶೇಷ ತೊಂದರೆ ಇದೆ: ಅದರ ಕಾಯಿಲೆ ಊರಲ್ಲಿ ಕಾಣಿಸುವುದೇ ಇಲ್ಲ. ತೀರ್ಥಹಳ್ಳಿ, ಹೊಸನಗರದ ತಿರುವುಗಳಲ್ಲಿ 40–50ರ ಮೇಲೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದು ಗೊತ್ತಾಗುವುದು 80 ದಾಟಿದ ಮೇಲೆ ಸ್ಟಿಯರಿಂಗ್ ನಡುಗಿದಾಗ. ಎಷ್ಟೋ ಸಲ ಬ್ಯಾಲೆನ್ಸ್ ತಪ್ಪಿರುವುದೂ ಇಲ್ಲ, ತೋಟದ ಕೆಸರು ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಣಗಿರುತ್ತದೆ ಅಷ್ಟೆ. ಅದೇ ಕೆಸರು ರೇಡಿಯೇಟರ್ ಜಾಲರಿಯಲ್ಲೂ ಕೂತಿರುತ್ತದೆ. ಅರ್ಧ ಗಂಟೆಯ ಓಟಕ್ಕೆ ಇಂಜಿನ್ ಬಿಸಿ ಏರುವುದಿಲ್ಲ. ಪೂರ್ತಿ ಲೋಡಿನಲ್ಲಿ ಎರಡು ಗಂಟೆ ಸತತ 90ರಲ್ಲಿ ಓಡಿಸಿದರೆ ಏರುತ್ತದೆ. ಹಾಗಾಗಿ ಹೊರಡುವ ನಾಲ್ಕೈದು ದಿನ ಮೊದಲು ಗಾಡಿಯನ್ನು ಎತ್ತಿಸಿ ಅಡಿಭಾಗ, ರಿಮ್ಮಿನ ಒಳಭಾಗ ತೊಳೆಸಿ, ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ತೊಳೆಸದೆ ಬ್ಯಾಲೆನ್ಸ್ ಮಾಡಿಸಿದರೆ ಕೆಸರಿನ ತೂಕಕ್ಕೂ ಸೇರಿಸಿ ಸೀಸ ಅಂಟಿಸಿಬಿಡುತ್ತಾರೆ, ಕೆಸರು ಉದುರಿದ ದಿನ ಮತ್ತೆ ನಡುಕ. ರೇಡಿಯೇಟರ್‌ಗೆ ನೀರು ಬಿಡುವಾಗ ಒತ್ತಡ ಕಡಿಮೆ ಇರಲಿ. ಪ್ರೆಶರ್ ಗನ್ ಹತ್ತಿರ ಹಿಡಿದರೆ ಜಾಲರಿಯ ತೆಳು ರೆಕ್ಕೆಗಳು ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ.

ಘಾಟಿ ಇಳಿಸುವ ಗಾಡಿಗಳ ಬ್ರೇಕ್ ಪ್ಯಾಡ್ ಬಯಲುಸೀಮೆಯವಕ್ಕಿಂತ ಬೇಗ ಸವೆಯುತ್ತದೆ, ಬ್ರೇಕ್ ಎಣ್ಣೆ ನಮ್ಮ ಹವೆಯಲ್ಲಿ ಬೇಗ ತೇವ ಹೀರುತ್ತದೆ. ಎರಡು ವರ್ಷ ದಾಟಿದ್ದರೆ ಬದಲಿಸಿ. ಅಡಿಕೆ ಮನೆಯ ಅಂಗಳದಲ್ಲೋ ಕೊಟ್ಟಿಗೆ ಪಕ್ಕದಲ್ಲೋ ನಿಲ್ಲುವ ಗಾಡಿಯಾದರೆ ಬಾನೆಟ್ ಎತ್ತಿ ವೈರುಗಳನ್ನು ಬೆರಳಲ್ಲಿ ತಡವಿ ನೋಡಿ. ಇಲಿ ಕಚ್ಚಿದ ವೈರು ಹಗಲು ಕೆಲಸ ಮಾಡುತ್ತಿರುತ್ತದೆ. ಹೆಡ್‌ಲೈಟ್, ಏಸಿ, ವೈಪರ್, ಚಾರ್ಜರ್ ಎಲ್ಲ ಒಟ್ಟಿಗೆ ಹಾಕಿದ ರಾತ್ರಿಯೇ ಫ್ಯೂಸ್ ಹಾರುವುದು. 10, 15, 20 ಆಂಪಿಯರ್ ಫ್ಯೂಸು ಎರಡೆರಡು ಗ್ಲೌವ್ ಬಾಕ್ಸಿನಲ್ಲಿರಲಿ.

ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ: 2321 ಅಂದರೆ 2021ನೇ ಇಸವಿಯ 23ನೇ ವಾರ. ಆರು ವರ್ಷ ದಾಟಿದ ಟೈರು ಎಷ್ಟೇ ಬಟನ್ ಉಳಿದಿದ್ದರೂ ಪೂರ್ತಿ ಲೋಡಿನ ಹೆದ್ದಾರಿ ಓಟಕ್ಕೆ ಬೇಡ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ., ನಮಗೆ 3 ಮಿ.ಮೀ. ಇಲ್ಲದಿದ್ದರೆ ಸಮಾಧಾನವಿಲ್ಲ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬಂಕಿಗೆ ಹೋಗಿ ನೋಡಿದರೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಬಂಕಿನ ಹುಡುಗ ಅದನ್ನು ಇಳಿಸಿಬಿಡುತ್ತಾನೆ, ಆಮೇಲೆ ಕಡಿಮೆ ಗಾಳಿಯಲ್ಲೇ ಇಡೀ ರಾತ್ರಿ. ಕಡಿಮೆ ಗಾಳಿಯ ಟೈರು ಬಾಗಿ ಬಾಗಿ ಒಳಗೆ ಬಿಸಿಯಾಗುತ್ತದೆ, ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಮುಖ್ಯ ಕಾರಣವೇ ಇದು. ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಇನ್ನೊಂದು ಅಂಕಿ ಬರೆದಿರುತ್ತದೆ. ಎರಡನೆಯದನ್ನು ಹಿಡಿಯಿರಿ. ಸ್ಟೆಪ್ನಿಗೂ ಅಷ್ಟೇ ಗಾಳಿ.

ತುಂಬಿದ ಗಾಡಿ ಅಂದೆವಲ್ಲ, ಅದನ್ನು ಸ್ವಲ್ಪ ಕೂಡಿಸಿ ನೋಡಿ. ಏಳು ಸೀಟಿನ ಗಾಡಿಯಲ್ಲಿ ಐದೇ ಜನ, ಆರಾಮ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಐದು ಜನ 350 ಕಿಲೋ. ಬೆನ್ನಿಗೆ ಹಾಕುವ ಚೀಲ ತಲಾ 12ರಂತೆ 60. ಟೆಂಟು, ಹಗ್ಗ, ಪಾತ್ರೆ, ಒಲೆ, ದಿನಸಿ ಸೇರಿ 40. ನೀರಿನ ಕ್ಯಾನು 20. ಒಟ್ಟು 470 ಕಿಲೋ, ಅಂದರೆ ಏಳು ಜನ ಕೂತಷ್ಟೇ ಭಾರ. ಅದರಲ್ಲೂ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ. ಆದ್ದರಿಂದ ನೀರಿನ ಕ್ಯಾನು, ದಿನಸಿ ಪೆಟ್ಟಿಗೆ, 11 ಮಿ.ಮೀ. ಹಗ್ಗದ ಸುರುಳಿ (50 ಮೀಟರಿಗೆ ಸುಮಾರು 4 ಕಿಲೋ) ನಡುವಿನ ಸೀಟಿಗೆ ಒರಗಿದಂತೆ ಕೆಳಗೆ. ಅದರ ಮೇಲೆ ಚೀಲಗಳು. ಮೇಲಿನ ಕ್ಯಾರಿಯರ್‌ನಲ್ಲಿ ಹಾಸುವ ಮ್ಯಾಟು, ಟಾರ್ಪಾಲಿನಂಥ ಹಗುರದ ಸಾಮಾನು ಮಾತ್ರ. ಮೇಲೆ ಭಾರ ಹಾಕಿದರೆ ನಿಪ್ಪಾಣಿ ಹತ್ತಿರದ ತವಂದಿ ಘಾಟಿಯ ತಿರುವಿನಲ್ಲಿ ಗಾಡಿ ವಾಲುವುದು ಹೊಟ್ಟೆಗೇ ತಿಳಿಯುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸಾಮಾನು ಸೀಟಿನ ಮೇಲಿಂದ ಹಾರಿ ಬರದ ಹಾಗೆ ಒಂದು ಬಲೆ ಅಥವಾ ಅಡ್ಡ ಹಗ್ಗ ಬೇಕೇ ಬೇಕು. ಚಿಕ್ಕ ಗ್ಯಾಸ್ ಡಬ್ಬಿಗಳು ಬಿಸಿಲು ಬೀಳದ ಕಡೆ ನಿಂತ ಭಂಗಿಯಲ್ಲಿ, ಒಲೆಯಿಂದ ಬಿಚ್ಚಿ.

ಹಿಂಭಾರದಿಂದ ಇನ್ನೊಂದು ಆಗುತ್ತದೆ. ಗಾಡಿಯ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ, ಹೆಡ್‌ಲೈಟೂ ಮೇಲೇಳುತ್ತದೆ. ನೀವು ಲೋ ಬೀಮಿನಲ್ಲೇ ಇದ್ದರೂ ಎದುರಿನವನು ಬೈದುಕೊಂಡು ಹೈಬೀಮ್ ಹೊಡೆಯುತ್ತಾನೆ, ಕಣ್ಣು ಕುಕ್ಕುವುದು ನಿಮಗೆ. ಸಾಮಾನು ತುಂಬಿ, ಜನ ಕೂತ ಮೇಲೆ, ಐದು ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟು ನೋಡಿ: ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಐದಾರು ಸೆಂಟಿಮೀಟರ್ ಕೆಳಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ತಿರುಗಿಸುವ ಚಿಕ್ಕ ಚಕ್ರ ಇರುವುದು ಇದಕ್ಕೇ. ವರ್ಷಗಟ್ಟಲೆ ಅದನ್ನು ಮುಟ್ಟದವರೇ ಹೆಚ್ಚು. ಮುಂದಿನ ಗಾಜಿನ ಒಳಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೇ ಪೇಪರಿನಲ್ಲಿ ಒಣಗಿಸಿ. ಒಳಗೆ ಕೂತ ಜಿಡ್ಡು ಹಗಲು ಕಾಣುವುದಿಲ್ಲ, ರಾತ್ರಿ ಎದುರು ದೀಪ ಬಿದ್ದಾಗ ಗಾಜಿಗೆ ಗಾಜೇ ಬೆಳ್ಳಗಾಗುತ್ತದೆ.

ಕಾಗದಪತ್ರ ಬೇಗ ಮುಗಿಸೋಣ: ಆರ್‌ಸಿ, ವಿಮೆ, ಹೊಗೆ ತಪಾಸಣೆ, ಓಡಿಸುವ ಮೂವರ ಲೈಸೆನ್ಸು, ಎಲ್ಲ ಡಿಜಿಲಾಕರ್‌ನಲ್ಲಿ. ಫಾಸ್ಟ್ಯಾಗಿನಲ್ಲಿ ದುಡ್ಡು. ಸ್ವಂತ ಕಾರಿಗೆ 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸ್ ಬಂದಿದೆ (ಬಂದಾಗ 3,000 ರೂಪಾಯಿ ಇತ್ತು), 200 ಟೋಲ್ ದಾಟುವವರೆಗೆ ಅಥವಾ ಒಂದು ವರ್ಷ. ಈ ದಾರಿಯಲ್ಲಿ ಹೋಗಿ ಬರುವವರಿಗೆ ಲಾಭವೇ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112.

ಓಡಿಸುವವರು ಮೂವರು ಇರಬೇಕು. ಇಬ್ಬರಾದರೆ ಒಬ್ಬನ ನಿದ್ದೆ ಕೆಟ್ಟರೂ ಇಡೀ ಲೆಕ್ಕ ಬೀಳುತ್ತದೆ. ಸಾಗರ, ಹೊಸನಗರದಿಂದ ಸ್ವಂತ ಬೈಕಿನಲ್ಲೋ ಕಾರಿನಲ್ಲೋ ಬಂದು ಸೇರುವವನಿಗೆ ಮೊದಲ ಪಾಳಿ ಕೊಡಬಾರದು. ಅವನು ಆಗಲೇ ಒಂದೂವರೆ ಎರಡು ಗಂಟೆ ತಿರುವು ತಿರುಗಿಸಿ ಬಂದಿರುತ್ತಾನೆ. ಶಿವಮೊಗ್ಗದವನೇ ಮೊದಲು ಕೂರಲಿ, ಮಧ್ಯಾಹ್ನದ ಊಟ ಅರ್ಧಕ್ಕೆ ನಿಲ್ಲಿಸಿ. ಎರಡರಿಂದ ನಾಲ್ಕರ ನಡುವೆಯೂ ಒಂದು ಚಿಕ್ಕ ತೂಕಡಿಕೆ ಇದ್ದೇ ಇರುತ್ತದೆ.

ಮೂರಕ್ಕೆ ಹೊರಡುವುದರ ಇನ್ನೊಂದು ಲಾಭ ಸಿಗುವುದು ಈ ಮೊದಲ 80 ಕಿಲೋಮೀಟರಿನಲ್ಲಿ. ಶಿವಮೊಗ್ಗ–ಹೊನ್ನಾಳಿ–ಹರಿಹರ ರಸ್ತೆಗೆ ನಡುವೆ ವಿಭಜಕವಿಲ್ಲ. ಚಾರಣಕ್ಕೆ ಒಳ್ಳೆಯ ಕಾಲವಾದ ನವೆಂಬರ್, ಡಿಸೆಂಬರಿನಲ್ಲೇ ಈ ಕಡೆ ಮೆಕ್ಕೆಜೋಳದ ಒಕ್ಕಣೆ. ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಕಾಳು ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಸಂಜೆಯಾದರೆ ಅದನ್ನೇ ಗುಡ್ಡೆ ಮಾಡಿ ಕಪ್ಪು ಟಾರ್ಪಾಲು ಹೊದಿಸಿ ಮೇಲೆ ಕಲ್ಲು. ಕಪ್ಪು ಡಾಂಬರಿನ ಮೇಲೆ ಕಪ್ಪು ಟಾರ್ಪಾಲು, ಎದುರಿಗೆ ಬಸ್ಸಿನ ಬೆಳಕು: ರಾತ್ರಿ ಹತ್ತಿರ ಬರುವವರೆಗೆ ಏನೂ ಕಾಣುವುದಿಲ್ಲ. ಹಗಲಲ್ಲಿ ದಾಟಿದರೆ ಅದು ಬರೀ ಜೋಳ. ಹೊನ್ನಾಳಿಯಿಂದ ತುಮ್ಮಿನಕಟ್ಟಿ ಮೇಲೆ ರಾಣೆಬೆನ್ನೂರಿಗೆ ಹತ್ತಿರದ ದಾರಿ ಇದೆ, ಮೊಬೈಲ್ ಮ್ಯಾಪು ಆಗಾಗ ಅದನ್ನೇ ತೋರಿಸುತ್ತದೆ. ಹರಿಹರದ ಮೇಲೆ ಹೋಗುವುದೇ ವಾಸಿ. ಹೆದ್ದಾರಿ ಬೇಗ ಸಿಗುತ್ತದೆ.

ಹೆದ್ದಾರಿ ಸೇರಿದ ಮೇಲೆ ಟೋಲ್‌ಗಳೇ ನಮಗೆ ಮೈಲಿಗಲ್ಲು: ಚಳಗೇರಿ, ಬಂಕಾಪುರ, ಹಿರೇಬಾಗೇವಾಡಿ, ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ. ಪಾಳಿ ಬದಲಾವಣೆಯನ್ನು ಗಂಟೆಗೆ ಕಟ್ಟದೆ ಜಾಗಕ್ಕೆ ಕಟ್ಟಿದರೆ ವಾದ ಇರುವುದಿಲ್ಲ. ಮೊದಲನೆಯವನು ಹಾವೇರಿಯವರೆಗೆ, ಎರಡನೆಯವನು ಧಾರವಾಡ ದಾಟಿ ಊಟದವರೆಗೆ, ಮೂರನೆಯವನು ಹತ್ತರಗಿ ಟೋಲಿನವರೆಗೆ, ಅಷ್ಟರಲ್ಲಿ ಹಿಂದೆ ಮಲಗೆದ್ದ ಮೊದಲನೆಯವನು ಕೊಲ್ಹಾಪುರದವರೆಗೆ. ಯಾರದ್ದೂ ಮೂರು ಗಂಟೆ ಮೀರುವುದಿಲ್ಲ.

ಪಾಳಿ ಬಿಟ್ಟವನು ನೇರ ಹಿಂದಕ್ಕೆ ಹೋಗಿ ಬೆಲ್ಟ್ ಹಾಕಿಕೊಂಡು ಮಲಗಬೇಕು. ಮುಂದಿನ ಪಾಳಿಯವನನ್ನು ಅರ್ಧ ಗಂಟೆ ಮೊದಲೇ ಎಬ್ಬಿಸಿ ಮುಂದಿನ ಸೀಟಿಗೆ ತರಬೇಕು. ನಿದ್ದೆಯಿಂದ ಎದ್ದ ಹದಿನೈದಿಪ್ಪತ್ತು ನಿಮಿಷ ತಲೆ ಮಂಕಾಗಿಯೇ ಇರುತ್ತದೆ, ಎಬ್ಬಿಸಿ ಸ್ಟಿಯರಿಂಗ್ ಕೊಡುವುದು ನಿದ್ದೆಗಣ್ಣಿನವನಿಗೆ ಕೊಟ್ಟಂತೆಯೇ. ಕಾಫಿ ಕುಡಿದರೆ ಅದು ಕೆಲಸಕ್ಕೆ ಬರುವುದೂ ಸುಮಾರು ಅರ್ಧ ಗಂಟೆಯ ಮೇಲೆ. ಹಾಗಾಗಿ ಎಬ್ಬಿಸಿದ ಕೂಡಲೇ ಫ್ಲಾಸ್ಕಿನ ಕಾಫಿ, ಪಾಳಿ ಶುರುವಾಗುವ ಹೊತ್ತಿಗೆ ಎರಡೂ ಸರಿಹೋಗಿರುತ್ತವೆ. ನಮ್ಮ ಕಡೆ ನಿದ್ದೆ ತಡೆಯಲು ಕವಳ ಹಾಕುವ ರೂಢಿ ಇದೆ. ಅಡಿಕೆ ಐದು ಹತ್ತು ನಿಮಿಷ ಮೈ ಬೆಚ್ಚಗೆ ಮಾಡುತ್ತದೆ, ಅಷ್ಟೇ. ಅದರ ಮೇಲೆ ನಂಬಿಕೆ ಇಟ್ಟು ಐವತ್ತು ಕಿಲೋಮೀಟರ್ ಎಳೆಯುವುದು ಬೇಡ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು ಕೂಡ ಅದೇ ಜಾತಿ.

ಮುಂದಿನ ಸೀಟಿನವನ ಕೆಲಸ ಮ್ಯಾಪು ನೋಡುವುದಲ್ಲ, ಓಡಿಸುವವನನ್ನು ನೋಡುವುದು. “ನಿದ್ದೆ ಬಂತನಾ ಮಾರಾಯ?” ಎಂದು ಕೇಳಿ ಪ್ರಯೋಜನವಿಲ್ಲ, “ಇಲ್ಲ ಮಾರಾಯ” ಎಂಬ ಉತ್ತರ ಸಿದ್ಧವೇ ಇರುತ್ತದೆ. “ಈಗ ದಾಟಿದ ಟೋಲ್ ಯಾವುದು?” ಎಂದು ಕೇಳಬೇಕು. ತಡವರಿಸಿದರೆ, ಎರಡು ಸಲ ಬಿಳಿ ಗೆರೆ ಮುಟ್ಟಿದರೆ, ವೇಗ 90ರಿಂದ 70ಕ್ಕೆ ತಾನಾಗಿ ಇಳಿದು ಮತ್ತೆ ಏರುತ್ತಿದ್ದರೆ ಮುಂದಿನ ಬಂಕಿನಲ್ಲಿ ಬದಲಾವಣೆ. ಚರ್ಚೆ ಇಲ್ಲ, ಹೀಗಳೆಯುವುದೂ ಇಲ್ಲ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ಯಾರೂ ಓಡಿಸದ ಗಾಡಿ.

ಬಂಕಾಪುರ ದಾಟಿ ಮುಂದೆ ಹುಬ್ಬಳ್ಳಿ–ಧಾರವಾಡ ಬೈಪಾಸು. ಹೆದ್ದಾರಿಯ ಉಳಿದ ಕಡೆ ನಾಲ್ಕೋ ಆರೋ ಪಥ ಇದ್ದರೂ ಇಲ್ಲಿ ಸುಮಾರು 30 ಕಿಲೋಮೀಟರ್ ಮಾತ್ರ ವರ್ಷಾನುಗಟ್ಟಲೆ ಎರಡೇ ಪಥ ಉಳಿದಿತ್ತು. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರ ಟೆಂಪೊ ಟ್ರಾವೆಲರ್ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಡಿಕ್ಕಿಯಾದದ್ದು ಈ ರಸ್ತೆಯಲ್ಲೇ. ಆಮೇಲೆ ಅಗಲ ಮಾಡುವ ಕೆಲಸ ಶುರುವಾಯಿತು. ಅಗಲ ರಸ್ತೆಯ ಅಭ್ಯಾಸದಲ್ಲಿ ಬಂದವನು ಇಲ್ಲಿ ಕೆಲಸ ಮುಗಿಯದ ಕಡೆ ಓವರ್‌ಟೇಕಿಗೆ ಬಲಕ್ಕೆ ಎಳೆಯುವುದೇ ಅಪಾಯ. ನಮ್ಮ ನಿಯಮ ಸರಳ: ಬೈಪಾಸಿನಲ್ಲಿ ಓವರ್‌ಟೇಕ್ ಇಲ್ಲ, ಲಾರಿಯ ಹಿಂದೆ 50ರಲ್ಲೇ ಹೋಗೋಣ. ಕಳೆದುಕೊಳ್ಳುವುದು ಹೆಚ್ಚೆಂದರೆ ಹದಿನೈದು ನಿಮಿಷ.

ಊಟ ಎಂಟೂಕಾಲು, ಎಂಟೂವರೆಗೆ ಧಾರವಾಡ ದಾಟಿದ ಮೇಲೆ. ಮನೆಯಿಂದ ತಂದ ಚಪಾತಿ, ಪಲ್ಯ, ಮಿಡಿ ಉಪ್ಪಿನಕಾಯಿ ಇದ್ದರೆ ಒಳ್ಳೆಯದು. ಧಾಬಾ ಆದರೆ ರೊಟ್ಟಿ, ಬೇಳೆ. ಮುಂದೆ ಓಡಿಸುವ ಇಬ್ಬರು ಹೊಟ್ಟೆ ಬಿರಿಯ ಉಣ್ಣಬಾರದು, ಉಳಿದವರ ಹೊಟ್ಟೆ ಅವರವರಿಗೆ ಬಿಟ್ಟದ್ದು. ಮಜ್ಜಿಗೆ ಆಗಬಹುದು. ಎಣ್ಣೆಯ ಗ್ರೇವಿ ತಿಂದು ಘಾಟಿಗೆ ಹೋಗುವುದು ಬೇಡ.

ಬೆಳಗಾವಿ ದಾಟಿದ ಮೇಲಿನ ರಾತ್ರಿ ಬೇರೆಯೇ. ಅಕ್ಟೋಬರ್ ಕೊನೆಯಿಂದ ಮಾರ್ಚಿನವರೆಗೆ ಕಬ್ಬು ಅರೆಯುವ ಕಾಲ. ಸಂಕೇಶ್ವರದಿಂದ ಕರಾಡದವರೆಗೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಅಂಚಿನಾಚೆಗೂ ಕಬ್ಬು ಚಾಚಿಕೊಂಡು, ಹಿಂದೆ ದೀಪವಿಲ್ಲದೆ ಗಂಟೆಗೆ 15–20ರಲ್ಲಿ ಹೋಗುತ್ತಿರುತ್ತವೆ. ಕೆಲವಕ್ಕೆ ಪ್ರತಿಫಲಕ ಇರುತ್ತದೆ, ಕಬ್ಬಿನ ಸೋಗೆ ಇಳಿಬಿದ್ದು ಅದನ್ನೂ ಮುಚ್ಚಿರುತ್ತದೆ. ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಬೇಕು. ಲೋ ಬೀಮಿನ ಬೆಳಕಲ್ಲಿ ಖಚಿತವಾಗಿ ಕಾಣುವುದು 50–60 ಮೀಟರ್. 80ರ ವೇಗದಲ್ಲಿ ಕಂಡು, ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿಗೇ 33 ಮೀಟರ್ ಮುಗಿಯುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 36 ಮೀಟರ್ ಬೇಕು. ಒಟ್ಟು 70. ಅಂದರೆ ಎದುರಿಗೆ ನಿಂತದ್ದೇನಾದರೂ ಕಂಡರೆ ಗುದ್ದುವುದು ಖಾತ್ರಿ. 60ರಲ್ಲಾದರೆ 45 ಮೀಟರಿಗೆ ನಿಲ್ಲುತ್ತದೆ. ಹೈಬೀಮ್ ಹಾಕಲು ಆಗದ ಕಡೆ 60, ವಿಭಜಕದಾಚೆ ಗಿಡ ಬೆಳೆದು ಎದುರಿನ ಬೆಳಕು ಬೀಳದ ಕಡೆ ಹೈಬೀಮಿನಲ್ಲಿ 80. ಟ್ರ್ಯಾಕ್ಟರುಗಳು ಎಡಪಥದಲ್ಲೇ ಇರುತ್ತವೆ ಎಂದು ನಂಬಬೇಡಿ. ಒಂದು ಟ್ರ್ಯಾಕ್ಟರು ಇನ್ನೊಂದನ್ನು ಹಿಂದೆ ಹಾಕುವ ಸಾಹಸ ಅರ್ಧ ಕಿಲೋಮೀಟರ್ ನಡೆಯುತ್ತದೆ.

ನಿಪ್ಪಾಣಿಗೆ ಮೊದಲು ತವಂದಿ ಘಾಟಿ ಇಳಿಯಬೇಕು. ನಮ್ಮ ಆಗುಂಬೆ, ಹುಲಿಕಲ್ ಕಂಡವರಿಗೆ ಇದು ಘಾಟಿ ಅನಿಸುವುದೇ ಇಲ್ಲ, ತೊಂದರೆ ಇರುವುದೂ ಅಲ್ಲೇ. ರಸ್ತೆ ಅಗಲ, ತಿರುವು ಉದ್ದ, ವೇಗ ತಿಳಿಯದೆ ಏರುತ್ತದೆ. ಪಕ್ಕದಲ್ಲಿ ಭಾರದ ಲಾರಿಗಳೂ ಇಳಿಯುತ್ತಿರುತ್ತವೆ. ಮೂರನೇ ಗೇರಿಗೆ ಇಳಿಸಿ, ಇಂಜಿನ್ ಹಿಡಿತದಲ್ಲೇ ಇಳಿಯಿರಿ. ನಿಪ್ಪಾಣಿಯಲ್ಲಿ ಡೀಸೆಲ್. ಶಿವಮೊಗ್ಗದಲ್ಲಿ 60 ಲೀಟರ್ ಟ್ಯಾಂಕು ತುಂಬಿಸಿದ್ದರೆ, ಲೀಟರಿಗೆ 14 ಬಂದರೂ ಇಲ್ಲಿಗೆ 28 ಲೀಟರ್ ಖರ್ಚಾಗಿರುತ್ತದೆ. ಮುಂದೂ ಎಳೆಯಬಹುದು, ಆದರೆ ಇಲ್ಲೇ ತುಂಬಿಸಿದರೆ ಬೆಳಗಿನ ಓಟದಲ್ಲಿ ಬಂಕು ಹುಡುಕುವ ಕೆಲಸ ತಪ್ಪುತ್ತದೆ. ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ.

ದಾರಿಯಲ್ಲಿ ಪಂಕ್ಚರ್ ಆದರೆ, ಅದೂ ಬಲಗಡೆ ಚಕ್ರ, ಇದ್ದಲ್ಲೇ ಜಾಕ್ ಹಾಕಬೇಡಿ. ಟೈರು ಹಾಳಾದರೂ ಸರಿ, ನಿಧಾನಕ್ಕೆ ಉರುಳಿಸಿಕೊಂಡು ಸರ್ವಿಸ್ ರಸ್ತೆಗೋ ಬಂಕಿಗೋ ಲಾರಿ ನಿಲ್ಲುವ ಅಂಕಣಕ್ಕೋ ತನ್ನಿ. ಒಂದು ಟೈರಿನ ಬೆಲೆ ಗೊತ್ತಿದ್ದದ್ದೇ. ನಿಲ್ಲಲೇಬೇಕಾದರೆ ಎಚ್ಚರಿಕೆಯ ತ್ರಿಕೋನವನ್ನು 50 ಹೆಜ್ಜೆಗಿಂತ ಹಿಂದೆ ಇಡಿ, ಜನರೆಲ್ಲ ಇಳಿದು ಲೋಹದ ತಡೆಬೇಲಿಯ ಆಚೆ. ಗಾಡಿಯೊಳಗೆ ಕೂತು ಕಾಯುವುದು ಬೇಡ. ಜಾಕಿನ ಕೆಳಗೆ ಇಡಲು ಒಂದು ಅಡಿ ಚದರದ ಹಲಗೆ ತುಂಡು ಸಾಮಾನಿನ ಮೇಲ್ಗಡೆಯೇ ಇರಬೇಕು, ಅಡಿಯಲ್ಲಲ್ಲ. ಟ್ಯೂಬ್‌ಲೆಸ್ ಟೈರಿಗೆ ಬತ್ತಿ ಹಾಕುವ ಕಿಟ್, 12 ವೋಲ್ಟಿನ ಪಂಪು ಇದ್ದರೆ ಚಕ್ರ ಬಿಚ್ಚುವ ಕೆಲಸವೇ ತಪ್ಪಬಹುದು. ಪಂಪು ಓಡಿಸುವಾಗ ಇಂಜಿನ್ ಚಾಲೂ ಇರಲಿ.

ಮಧ್ಯರಾತ್ರಿಯ ಆಸುಪಾಸಿಗೆ ಕೊಲ್ಹಾಪುರ. ಹೆದ್ದಾರಿ ಪಕ್ಕದ ಯಾವುದಾದರೂ ವಸತಿಗೃಹಕ್ಕೆ ಎರಡು ದಿನ ಮೊದಲೇ ಫೋನ್ ಮಾಡಿ, ಹನ್ನೆರಡಕ್ಕೆ ಬಂದು ಮೂರಕ್ಕೆ ಹೋಗುತ್ತೇವೆ ಎಂದು ಹೇಳಿಡಿ. ಮೂರು ಗಂಟೆಗೆ ಇಡೀ ದಿನದ ಬಾಡಿಗೆ ಕೊಡುವುದು ದಂಡ ಎಂದು ಎಲ್ಲ ತಂಡದಲ್ಲೂ ಒಬ್ಬ ಹೇಳುತ್ತಾನೆ. ಮೈ ಉದ್ದಕ್ಕೆ ಚಾಚಿ ಮಲಗಿದ ಮೂರು ಗಂಟೆ ಸೀಟಿನಲ್ಲಿ ಮುದುಡಿದ ಐದು ಗಂಟೆಗಿಂತ ಮೇಲು. ಇಡೀ ಪ್ರವಾಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ. ಗಾಡಿಯಲ್ಲೇ ಮಲಗುವ ಅನಿವಾರ್ಯ ಬಂದರೆ ಬೆಳಕಿರುವ ಬಂಕಿನಲ್ಲಿ ಕೇಳಿ ನಿಲ್ಲಿಸಿ, ಇಂಜಿನ್ ಆರಿಸಿ, ಕಿಟಕಿ ಎರಡು ಬೆರಳು ಇಳಿಸಿ. ಏಸಿ ಹಾಕಿ ನಿಂತ ಗಾಡಿಯಲ್ಲಿ ಮಲಗುವುದು ಬೇಡ. ಹೊಗೆಕೊಳವೆ ಎಲ್ಲಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ಇದಕ್ಕೇ ಒಂದು ರಾತ್ರಿ ಚೀಲ ಬೇರೆ ಇರಬೇಕು: ಟವೆಲ್, ಬ್ರಷ್ಷು, ಹೊದಿಕೆ, ಚಾರ್ಜರು, ತಲೆದೀಪ, ಔಷಧಿ. ಬೆಟ್ಟದ ಚೀಲಗಳನ್ನು ಶಿವಮೊಗ್ಗದಲ್ಲಿ ಕಟ್ಟಿದ ಮೇಲೆ ಖಿರೇಶ್ವರದವರೆಗೆ ಬಿಚ್ಚುವಂತಿಲ್ಲ. ರಾತ್ರಿ ಸ್ವೆಟರ್ ಹುಡುಕಲು ಒಂದು ಚೀಲ ಬಿಚ್ಚಿದರೆ ಬೆಳಿಗ್ಗೆ ಒಲೆಯ ಬರ್ನರ್ ಕೊಲ್ಹಾಪುರದ ಮಂಚದ ಕೆಳಗೆ ಉಳಿದಿರುತ್ತದೆ.

ಮೂರಕ್ಕೆ ಎದ್ದು, ಚಹಾ ಕುಡಿದು, ಮೂರೂ ಇಪ್ಪತ್ತಕ್ಕೆ ಹೊರಟರೆ ಸರಿ. ಈ ಕೊಲ್ಹಾಪುರ–ಸಾತಾರಾ ಪಾಳಿ ಎಲ್ಲಕ್ಕಿಂತ ಕಷ್ಟದ್ದು, 125 ಕಿಲೋಮೀಟರ್. ಚೆನ್ನಾಗಿ ಓಡಿಸುವವನನ್ನು ಮೊದಲ ಪಾಳಿಗೆ ಕೂರಿಸುವುದು ಸಾಮಾನ್ಯ ರೂಢಿ, ನಮಗೆ ಅದು ಒಪ್ಪಿಗೆಯಿಲ್ಲ. ಹಗಲಲ್ಲಿ ಹೊನ್ನಾಳಿ ದಾಟಲು ಯಾರಾದರೂ ಸಾಕು. ಈ ಹೊತ್ತಿಗೆ ಬೇಕಾದವನು ಹಾಲು ಕರೆಯಲು ದಿನಾ ನಾಲ್ಕಕ್ಕೆ ಏಳುವ ಅಭ್ಯಾಸ ಇರುವವನು. ಅವನ ಮೈಗೆ ಅದು ಬೆಳಗಿನ ಹೊತ್ತೇ. ಕಾಗಲ್‌ನಿಂದ ಸಾತಾರಾದವರೆಗೆ ರಸ್ತೆ ಅಗಲ ಮಾಡುವ ಕೆಲಸದ ಡೈವರ್ಷನ್ನುಗಳು ಬೇರೆ: ಸಿಮೆಂಟ್ ದಿಮ್ಮಿಗಳ ನಡುವೆ ರಸ್ತೆ ಥಟ್ಟನೆ ಎಡಕ್ಕೆ ತಿರುಗುತ್ತದೆ. ಮುಂದಿನ ಲಾರಿಯ ಕೆಂಪು ದೀಪ ನಂಬಿ ಹಿಂಬಾಲಿಸುವುದೂ ಅಪಾಯವೇ, ಅವನು ಧಾಬಾಕ್ಕೆ ತಿರುಗುತ್ತಿರಬಹುದು.

ಕೃಷ್ಣಾ ಕಣಿವೆಯಲ್ಲಿ ಡಿಸೆಂಬರ್, ಜನವರಿಯ ನಸುಕಿಗೆ ಮಂಜು ಕೂರುತ್ತದೆ. ಗಾಜು ಮಸುಕಾದರೆ ಒಳಗೋ ಹೊರಗೋ ಎಂದು ಬೆರಳಿಟ್ಟು ನೋಡಿ. ಒಳಗಾದರೆ ಐದು ಜನರ ಉಸಿರಿನ ತೇವ. ಏಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಿ. ಹೊರಗಾದರೆ ಏಸಿ ಗಾಜನ್ನು ವಿಪರೀತ ತಣ್ಣಗೆ ಮಾಡಿದೆ ಎಂದರ್ಥ. ಬಿಸಿ ಹೆಚ್ಚಿಸಿ, ವೈಪರ್ ಒಂದೆರಡು ಸುತ್ತು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ವಾಪಸು ಕಣ್ಣಿಗೇ ಬರುತ್ತದೆ ಎಂಬುದು ಆಗುಂಬೆ ಕಡೆಯವರಿಗೆ ಹೇಳಬೇಕಾಗಿಲ್ಲ.

ಸಾತಾರಾದಲ್ಲಿ ಐದೂವರೆಯ ಹೊತ್ತಿಗೆ ಪಾಳಿ ಬದಲು. ಮುಂದೆ ಖಂಬಾಟ್ಕಿ: ಹಳೆಯ ದಾರಿಯಲ್ಲಿ ಪುಣೆ ಕಡೆ ಹೋಗುವವರಿಗೆ ಸುರಂಗ, ಬರುವವರಿಗೆ ಘಾಟಿ. ಸುರಂಗ ದಾಟಿದ ಕೂಡಲೇ ಇಳಿಜಾರಿನಲ್ಲಿ ಎಸ್ ಆಕಾರದ ತಿರುವಿದೆ, ಸುರಂಗದಲ್ಲಿ ವೇಗ ಏರಿಸಿಕೊಂಡು ಬಂದವರು ಅಲ್ಲಿ ಪಲ್ಟಿ ಹೊಡೆಯುತ್ತಾರೆ. ಆಮೇಲೆ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಉದ್ದನೆ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವ ಲಾರಿಗಳ ಬ್ರೇಕು ಕಾದು ಕೈಕೊಡುವ ಜಾಗ ಇದು. ಇಲ್ಲಿ ಮುಂದೆ ನೋಡುವಷ್ಟೇ ಹಿಂದಿನ ಕನ್ನಡಿಯನ್ನೂ ನೋಡಬೇಕು. ಮುಂದೆ ವಾಹನ ನಿಂತಿದ್ದರೆ ಅದರ ಬಾಲಕ್ಕೆ ಅಂಟಿಸಿ ನಿಲ್ಲಿಸದೆ, ಪಕ್ಕಕ್ಕೆ ಜಾರಿಕೊಳ್ಳುವಷ್ಟು ಜಾಗ ಬಿಟ್ಟು ನಿಲ್ಲಿ.

ಪುಣೆ ಬೈಪಾಸನ್ನು ಏಳೂವರೆಯೊಳಗೆ ದಾಟಿ ವಾಕಡ್, ನಾಸಿಕ್ ಫಾಟಾ, ಭೋಸರಿ ಮೇಲೆ ಚಾಕಣ ಹಿಡಿಯಬೇಕು. ಚಾಕಣದ ಕಾರ್ಖಾನೆಗಳ ಪಾಳಿಯ ಬಸ್ಸುಗಳ ನಡುವೆ ಸಿಕ್ಕಿದರೆ ಒಂದು ಗಂಟೆ ಹೋಯಿತು. ರಾಜಗುರುನಗರ, ಮಂಚರ್, ನಾರಾಯಣಗಾಂವ್, ಆಳೆಫಾಟಾದಲ್ಲಿ ತಿಂಡಿ. ಅಲ್ಲಿಂದ ಕಲ್ಯಾಣ ರಸ್ತೆಗೆ ಎಡಕ್ಕೆ ತಿರುಗಿ ಓತೂರು ದಾಟಿದರೆ ಮಾಳಶೇಜ್ ಘಾಟಿಗೆ ಮೊದಲು ಖುಬಿ ಫಾಟಾ. ಪಿಂಪಳಗಾಂವ್ ಜೋಗಾ ಅಣೆಕಟ್ಟಿನ ಏರಿಯ ಮೇಲೆ ಹಾದು ಖಿರೇಶ್ವರಕ್ಕೆ ಹೋಗುವಾಗ ಗಂಟೆ ಹನ್ನೊಂದರ ಸುಮಾರು.

ಎದುರಿಗೆ ಬೆಟ್ಟ ಕಂಡಾಗ ಎಲ್ಲರ ಕಾಲಿಗೂ ಆತುರ ಬರುತ್ತದೆ. ಆ ದಿನ ಹತ್ತುವಂತಿಲ್ಲ. ತೋಲಾರ ಖಿಂಡಿಯ ಮೇಲೆ ಕಬ್ಬಿಣದ ಸರಳು ಹಿಡಿದು ಹತ್ತುವ ಬಂಡೆ ಇದೆ, ಆಮೇಲೆ ಬೆಟ್ಟದ ಮೇಲಿನ ದೇವಸ್ಥಾನದವರೆಗೆ ಏರಿಳಿತದ ಕಾಡುದಾರಿ. ಮೂರು ಗಂಟೆ ನಿದ್ದೆಯ ಮೈಯಲ್ಲಿ ಕಾಲು ಎಡವುವುದು ಅಲ್ಲೇ. ಊರಿನ ಮನೆಗಳಲ್ಲಿ ಊಟ, ಗಾಡಿ ನಿಲ್ಲಿಸಲು ಜಾಗ ಎರಡೂ ಸಿಗುತ್ತವೆ. ಪಿಠಲೆ, ಭಾಕ್ರಿ ಉಂಡು ಎರಡು ಗಂಟೆ ಮಲಗಿ, ಅದಕ್ಕಿಂತ ಹೆಚ್ಚು ಬೇಡ, ರಾತ್ರಿಯ ನಿದ್ದೆ ಕೆಡುತ್ತದೆ. ಸಂಜೆ ಚೀಲ ಬಿಚ್ಚಿ ಸಾಮಾನು ಹಂಚಿ, ತಲಾ ಮೂರು ಲೀಟರ್ ನೀರು ತುಂಬಿ, ಎಂಟೂವರೆಗೆ ಮಲಗಿದರೆ ಬೆಳಿಗ್ಗೆ ಐದೂವರೆಗೆ ಹೊರಡಬಹುದು.

ಅದಕ್ಕೂ ಮೊದಲು ಹಗಲಿದ್ದಾಗಲೇ ಗಾಡಿಯ ಅಡಿಗೆ ಬಗ್ಗಿ ಎಣ್ಣೆ, ನೀರು ಸೋರಿದೆಯೇ ನೋಡಿ, ಟೈರಿನ ಒಳಮಗ್ಗುಲಲ್ಲಿ ಸೀಳು ಬಿದ್ದಿದೆಯೇ ಕೈಯಾಡಿಸಿ. ತೊಂದರೆ ಇದ್ದರೆ ನಾರಾಯಣಗಾಂವ್‌ಗೆ ಹೋಗಿಬರಲು ಸಮಯ ಇರುವುದು ಈ ಮಧ್ಯಾಹ್ನ ಮಾತ್ರ. ಗಾಡಿಯನ್ನು ಹ್ಯಾಂಡ್‌ಬ್ರೇಕಿನಲ್ಲಿ ಬಿಡದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಇಬ್ಬನಿಯಲ್ಲಿ ಮೂರು ದಿನ ನಿಂತರೆ ಹಿಂದಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ಒಂದು ಕೀಲಿ ತುರ್ತಿಗೆ ಮಾತ್ರ ಎಂದು ಊಟ ಹಾಕಿದ ಮನೆಯವರ ಕೈಯಲ್ಲಿ, ಇನ್ನೊಂದು ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಚೀಲದಲ್ಲಿ. ಬೆಟ್ಟ ಇಳಿದ ದಿನವೇ ಊರಿಗೆ ಹೊರಡುವ ಮಾತು ಎತ್ತುವವರಿಗೆ ಅವನು ಬಂದು ಸೇರುವವರೆಗೆ ಕೀಲಿ ಸಿಗುವುದಿಲ್ಲ. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ, ಇನ್ನೊಂದು ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಹೊರಡುವುದು ತಾನಾಗಿ ತೀರ್ಮಾನವಾಗುತ್ತದೆ.